ನಾಣ್ಯ ಮ್ಯೂಸಿಯಂಗೆ ಹೋಗುವ ಮೊದಲು: ಉತ್ತರ ಕನ್ನಡದವರು ಏನನ್ನು ಹುಡುಕಬೇಕು?

ಕುಮಟೆಯವಳು

ದಸರಾ ರಜೆಗೆ ಅಣ್ಣನ ಮಕ್ಕಳಿಬ್ಬರು ಬರುತ್ತಿದ್ದಾರೆ. ಮಗಳು ಎಂಟನೇ ಕ್ಲಾಸು, ಮಗ ಐದನೇ ಕ್ಲಾಸು. ಮಗಳಿಗೆ ಹಳೇ ನಾಣ್ಯದ ಹುಚ್ಚು ಹಿಡಿದಿದೆ. ಕಾರಣ ನಮ್ಮಮ್ಮನ ದೇವರ ಪೆಟ್ಟಿಗೆ. ಅದರಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳಿವೆ, ತೂತಿನ ಕಾಸುಗಳಿವೆ, ಪೋರ್ಚುಗೀಸ್ ಅಕ್ಷರ ಇರುವ ಒಂದೆರಡು ಬಿಲ್ಲೆಗಳಿವೆ. ರಾಮ ಸೀತೆ ಇರುವ ದೊಡ್ಡದೊಂದು ಹಿತ್ತಾಳೆ ಬಣ್ಣದ ನಾಣ್ಯವೂ ಇದೆ. "ಅದಕ್ಕೆ ಲಕ್ಷಗಟ್ಟಲೆ ಬೆಲೆ" ಎಂದು ನೆಂಟರೊಬ್ಬರು ವಾಟ್ಸಾಪ್ ನೋಡಿ ಹೇಳಿ ಹೋಗಿದ್ದಾರೆ. ಅಂದಿನಿಂದ ಅಮ್ಮ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದಾರೆ!

ಮಕ್ಕಳನ್ನು ಒಂದು ಒಳ್ಳೆಯ ನಾಣ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಕುಮಟೆಯಿಂದ ಎಲ್ಲಿಗೆ ಹೋಗುವುದು ಅನುಕೂಲ? ಹೋದರೆ ಏನು ನೋಡಬೇಕು? ಗಾಜಿನ ಹಿಂದೆ ಸಾಲಾಗಿ ಜೋಡಿಸಿದ ನಾಣ್ಯ ನನಗಂತೂ ಎಲ್ಲ ಒಂದೇ ತರ ಕಾಣುತ್ತವೆ. ಐದನೇ ಕ್ಲಾಸಿನವನು ಹತ್ತು ನಿಮಿಷಕ್ಕೆ ಐಸ್‌ಕ್ರೀಂ ಕೇಳುತ್ತಾನೆ, ಗ್ಯಾರಂಟಿ.

ಕಾಳಿನದಿ

ಉಡುಪಿಗೆ ಹೋಗಿ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಹುಟ್ಟಿದ್ದು ಅಲ್ಲಿ. ಅದನ್ನು ಕಟ್ಟಿದ ಹಾಜಿ ಅಬ್ದುಲ್ಲಾ ಅವರ ಮನೆಯನ್ನೇ ಬ್ಯಾಂಕಿನವರು ನಾಣ್ಯಗಳ ಹೆರಿಟೇಜ್ ಮ್ಯೂಸಿಯಂ ಮಾಡಿದ್ದಾರೆ. 2020ರಲ್ಲಿ ಆ ಬ್ಯಾಂಕು ಯೂನಿಯನ್ ಬ್ಯಾಂಕಿನ ಜೊತೆ ಸೇರಿಹೋಯಿತು. ಹಾಗಾಗಿ ದಾರಿ ಕೇಳುವಾಗ ಹಳೇ ಹೆಸರು, ಹೊಸ ಹೆಸರು ಎರಡನ್ನೂ ಹೇಳಿ. ಬಾಗಿಲು ತೆರೆದಿರುವ ಸಮಯವನ್ನು ಫೋನ್ ಮಾಡಿ ಕೇಳಿಕೊಂಡೇ ಹೊರಡಿ, ರಜೆಯ ದಿನ ಬ್ಯಾಂಕಿನವರದ್ದೂ ರಜೆ ಇರಬಹುದು.

ಕುಮಟೆಯಿಂದ ಕೊಂಕಣ ರೈಲು ಹಿಡಿದರೆ ಮಕ್ಕಳಿಗೆ ಖುಷಿ. ಹೊನ್ನಾವರದ ಶರಾವತಿ ಸೇತುವೆಯೇ ಅರ್ಧ ಪ್ರವಾಸ.

ತೋಟದಮನೆ

ಘಟ್ಟದ ಮೇಲೆ ಬರುವ ಮನಸ್ಸಿದ್ದರೆ ಕೆಳದಿಗೆ ಹೋಗಿ. ಶಿರಸಿಯಿಂದ ಸಿದ್ದಾಪುರ ಮೇಲೆ ಸಾಗರದ ದಾರಿ. ಕೆಳದಿ ನಾಯಕರ ಊರು ಅದು. ಅಲ್ಲಿಯ ಮ್ಯೂಸಿಯಂ ಚಿಕ್ಕದು, ಆದರೆ ತಾಳೆಗರಿ, ಕಾಗದಪತ್ರ, ನಾಣ್ಯ, ಆಯುಧ ಎಲ್ಲ ಒಂದೇ ಕಡೆ ಇದೆ. ಪಕ್ಕದಲ್ಲೇ ರಾಮೇಶ್ವರ ದೇವಸ್ಥಾನ, ಅದರ ಮಾಡಿನಲ್ಲಿರುವ ಗಂಡಭೇರುಂಡ ನೋಡದೆ ಬರಬೇಡಿ. ಇನ್ನೂ ಮುಂದೆ ಹೋಗುವುದಾದರೆ ಶಿವಮೊಗ್ಗದ ಹತ್ತಿರ ಲಕ್ಕಿನಕೊಪ್ಪದಲ್ಲಿ 'ಅಮೂಲ್ಯ ಶೋಧ' ಇದೆ. ಅಲ್ಲಿಯೂ ನಾಣ್ಯಗಳ ದೊಡ್ಡ ಸಂಗ್ರಹ.

ಬೈತಖೋಲ

ಮುಂಬಯಿಗೆ ಹೋಗುವ ಪ್ಲಾನ್ ಇದ್ದರೆ ರಿಸರ್ವ್ ಬ್ಯಾಂಕಿನ ಮ್ಯೂಸಿಯಂ. ಫೋರ್ಟ್ ಭಾಗದಲ್ಲಿದೆ. 2004ರಲ್ಲಿ ಅಬ್ದುಲ್ ಕಲಾಂ ಉದ್ಘಾಟನೆ ಮಾಡಿದ್ದು. ಕಾರವಾರದಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಅಲ್ಲಿ. ಆದರೆ ಐದನೇ ಕ್ಲಾಸಿನ ಹುಡುಗನನ್ನು ಕರೆದುಕೊಂಡು ಅಷ್ಟು ದೂರ ನಾಣ್ಯ ನೋಡಲು ಹೋಗಿ ಎಂದು ನಾನಂತೂ ಹೇಳುವುದಿಲ್ಲ.

ಹಳೇಕಾಸು

ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ಏನು ಹುಡುಕಿಕೊಂಡು ಹೋಗಬೇಕು ಅನ್ನುವುದು ಮುಖ್ಯ. ಮೇಡಂ ಹೇಳಿದ್ದು ಸರಿ. ಸಾಲಾಗಿ ನೂರಾರು ನಾಣ್ಯ ನೋಡಿದರೆ ಯಾರಿಗೂ ಏನೂ ತಲೆಗೆ ಹೋಗುವುದಿಲ್ಲ. ನನ್ನ ಸಲಹೆ ಇಷ್ಟೇ. ನಮ್ಮ ಜಿಲ್ಲೆಯ ಸಂತೆಯಲ್ಲಿ, ಬಂದರಿನಲ್ಲಿ ಓಡಾಡಿದ ನಾಲ್ಕೈದು ನಾಣ್ಯಗಳನ್ನು ಮೊದಲೇ ತಿಳಿದುಕೊಳ್ಳಿ. ಮಕ್ಕಳಿಗೆ ಚಿತ್ರ ತೋರಿಸಿ. ಆಮೇಲೆ "ಇದು ಎಲ್ಲಿದೆ ಹುಡುಕು" ಎಂದು ಬಿಡಿ. ಸಿಕ್ಕರೂ ಸಂತೋಷ, ಸಿಗದಿದ್ದರೂ ಉಳಿದದ್ದನ್ನೆಲ್ಲ ಕಣ್ಣಿಟ್ಟು ನೋಡಿರುತ್ತಾರೆ.

ಮೊದಲನೆಯದು ಸೀಸದ ನಾಣ್ಯ. ಹೌದು, ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ, ಸೀಸ. ಕದಂಬರಿಗಿಂತ ಮೊದಲು ಬನವಾಸಿ ಆಳಿದ ಚುಟು ಮನೆತನದವರು ಹೊರಡಿಸಿದ್ದು. ಇವು ಸಿಕ್ಕಿದ್ದು ಕಾರವಾರದ ಕಡೆ! ಒಂದು ಬದಿಯಲ್ಲಿ ಕಮಾನು ಕಮಾನು ಪೇರಿಸಿದ ಬೆಟ್ಟ. ಇನ್ನೊಂದು ಬದಿಯಲ್ಲಿ ಕಟಕಟೆಯೊಳಗೆ ಒಂದು ಮರ. ಸುತ್ತ ಬ್ರಾಹ್ಮಿ ಅಕ್ಷರದಲ್ಲಿ ರಾಜನ ಹೆಸರು, ಚುಟುಕುಲಾನಂದ ಅಥವಾ ಮೂಲಾನಂದ. ದಪ್ಪಗೆ, ಭಾರವಾಗಿ, ನೋಡಲು ಚೂರೂ ಚಂದ ಇರುವುದಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ನಾಣ್ಯಗಳ ಪಟ್ಟಿ ತಯಾರಿಸಿದ ರಾಪ್ಸನ್ 1908ರಲ್ಲೇ ಇವುಗಳ ಬಗ್ಗೆ ಬರೆದಿದ್ದಾರೆ. ಕಾರವಾರದಲ್ಲಿ ಇವತ್ತು ಎಷ್ಟು ಜನರಿಗೆ ಇದು ಗೊತ್ತು? ಅದೇ ನನ್ನ ಬೇಸರ.

ಎರಡನೆಯದು ಗೋವೆಯ ಕದಂಬರ ಚಿನ್ನದ ಗದ್ಯಾಣ. ಮುಂದೆ ಸಿಂಹ. ಹಿಂದೆ ನಾಗರಿಯಲ್ಲಿ ಸಪ್ತಕೋಟೀಶ್ವರನ ವರದಿಂದ ಬಂದವನು ಎಂದು ರಾಜ ಹೇಳಿಕೊಂಡಿರುತ್ತಾನೆ. ಸಂವತ್ಸರದ ಹೆಸರನ್ನೂ ಹಾಕಿರುವುದುಂಟು. ನಮ್ಮ ಪಂಚಾಂಗದಲ್ಲಿರುವ ಪ್ರಭವ, ವಿಭವ ಇವೆಯಲ್ಲ, ಅವೇ. ಮಕ್ಕಳಿಗೆ ಪಂಚಾಂಗ ತೋರಿಸಿ ಹೇಳಿದರೆ ಹಿಡಿಸುತ್ತದೆ.

ಮೂರನೆಯದು ಇಕ್ಕೇರಿ ವರಹ, ಕೆಳದಿ ನಾಯಕರ ನಾಣ್ಯ. ಸುಮಾರು 3.4 ಗ್ರಾಂ ಚಿನ್ನ. ಒಂದು ಬದಿ ಶಿವ ಪಾರ್ವತಿ ಜೋಡಿಯಾಗಿ ಕುಳಿತಿದ್ದಾರೆ, ಇನ್ನೊಂದು ಬದಿ ನಾಗರಿಯಲ್ಲಿ 'ಶ್ರೀ ಸದಾಶಿವ'. ನಮ್ಮ ಕರಾವಳಿಯ ಕಾಳುಮೆಣಸು, ಅಕ್ಕಿ, ಅಡಿಕೆ ವ್ಯಾಪಾರದಲ್ಲಿ ನಂಬಿಕೆಯ ನಾಣ್ಯ ಇದು. ಹೈದರಾಲಿ 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಗೆದ್ದ. ಗೆದ್ದವನು ನಾಣ್ಯ ಬದಲಿಸಿದನಾ? ಶಿವ ಪಾರ್ವತಿಯರನ್ನು ಹಾಗೇ ಇಟ್ಟ. ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಒತ್ತಿಸಿದ. ಎರಡೂ ನಾಣ್ಯ ಅಕ್ಕಪಕ್ಕ ಇರುವ ಕಪಾಟು ಸಿಕ್ಕರೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ.

ನಾಲ್ಕನೆಯದು ಲಾರಿ. ವಾಹನ ಅಲ್ಲ ಮಾರಾಯ್ರೇ! ಬೆಳ್ಳಿ ತಂತಿಯನ್ನು ಮಧ್ಯಕ್ಕೆ ಮಡಚಿ, ತಟ್ಟಿ, ಮೇಲೆ ಮುದ್ರೆ ಒತ್ತಿದ್ದು. ನೋಡಲು ಮೀನಿನ ಗಾಳದ ಹಾಗೆ. ಪರ್ಷಿಯಾ ಕೊಲ್ಲಿಯಿಂದ ಕುದುರೆ ವ್ಯಾಪಾರದ ಜೊತೆ ಪಶ್ಚಿಮ ಕರಾವಳಿಗೆ ಬಂತು. ಬಿಜಾಪುರದ ಎರಡನೇ ಅಲಿ ಆದಿಲ್‌ಶಾಹಿ ಕೂಡ ತನ್ನ ಹೆಸರಿನಲ್ಲಿ ಹೊರಡಿಸಿದ. ಆಗ ಕಾರವಾರದ ಕಡೆಯೂ ಬಿಜಾಪುರದ ಆಳ್ವಿಕೆ. ನಾಣ್ಯ ಅಂದರೆ ದುಂಡಗೆ ಇರಬೇಕು ಅಂದುಕೊಂಡ ಮಕ್ಕಳಿಗೆ ಇದೊಂದು ಸಾಕು.

ಗುಡ್ಡೇಹಳ್ಳಿ

ಹೈದರಾಲಿ ಶಿವ ಪಾರ್ವತಿಯರನ್ನು ಉಳಿಸಿಕೊಂಡಿದ್ದು ಭಕ್ತಿಯಿಂದಲ್ಲ, ವ್ಯಾಪಾರಕ್ಕಾಗಿ. ಅದನ್ನೂ ಹೇಳಿ.

ಹಳೇಕಾಸು

ವ್ಯಾಪಾರಕ್ಕಾಗಿಯೇ. ನಾನು ಭಕ್ತಿ ಎಂದು ಎಲ್ಲೂ ಬರೆದಿಲ್ಲ. ಜನ ನೋಡಿ ನಂಬಿದ ಮುದ್ರೆಯನ್ನು ಬದಲಿಸಿದರೆ ಶರಾಫ, ಅಂದರೆ ನಾಣ್ಯ ಬದಲಿಸಿಕೊಡುವವನು, ಬಟ್ಟಾ ಹಿಡಿಯುತ್ತಾನೆ, ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾನೆ. ಯುದ್ಧ ಗೆದ್ದವನೂ ಸಂತೆಯ ಮುಂದೆ ತಲೆಬಾಗಬೇಕಾಯಿತು ಅಲ್ವಾ? ನನಗೆ ಈ ನಾಣ್ಯದಲ್ಲಿ ಇಷ್ಟವಾಗುವುದೇ ಅದು.

ನಿರ್ವಾಹಕ

ಇದರ ಕೆಳಗೆ ಬಂದ ಕೆಲವು ಉತ್ತರಗಳನ್ನು ತೆಗೆದಿದ್ದೇನೆ. ಟಿಪ್ಪು ಜಯಂತಿ ಚರ್ಚೆಗೆ ಬೇರೆ ಜಾಗ ಇದೆ. ಇಲ್ಲಿ ನಾಣ್ಯ ಮಾತ್ರ.

ಬೈತಖೋಲ

ಹಳೇಕಾಸು ಅವರ ಪಟ್ಟಿಗೆ ಒಂದು ಸೇರಿಸಿ. ಪುತಳಿ ಸರ.

ಕಾರವಾರ, ಗೋವಾ ಕಡೆಯ ಹಳೇ ಮನೆಗಳಲ್ಲಿ ಮದುವೆಗೆ ಹಾಕುವ ಸರ. ಚಿನ್ನದ ತೆಳ್ಳಗಿನ ಬಿಲ್ಲೆಗಳನ್ನು ಪೋಣಿಸಿರುತ್ತಾರೆ. ಪ್ರತಿ ಬಿಲ್ಲೆಯ ಮೇಲೆ ಇಬ್ಬರು ನಿಂತ ಹಾಗೆ ಅಸ್ಪಷ್ಟ ಚಿತ್ರ. ನಮ್ಮಜ್ಜಿ ಅದನ್ನು ರಾಮ ಸೀತೆ ಎನ್ನುತ್ತಿದ್ದರು. ಆದರೆ ಅದರ ಮೂಲ ಇಟಲಿಯ ವೆನಿಸ್ ಪಟ್ಟಣದ ಚಿನ್ನದ ಡುಕಾಟ್. 1284ರಿಂದ 1797ರವರೆಗೆ, ವೆನಿಸ್ ಗಣರಾಜ್ಯ ಮುಗಿಯುವ ತನಕ, ಹೆಚ್ಚು ಕಡಿಮೆ ಅದೇ ಚಿತ್ರ, ಅದೇ ಮೂರೂವರೆ ಗ್ರಾಂ ಚಿನ್ನ. ಮೊಣಕಾಲೂರಿದವನು ವೆನಿಸ್‌ನ ಡೋಜ್, ಅಂದರೆ ಅವರ ಮುಖ್ಯಸ್ಥ. ನಿಂತವನು ಸಂತ ಮಾರ್ಕ್. ಹಿಂಬದಿಯಲ್ಲಿ ನಕ್ಷತ್ರಗಳ ನಡುವೆ ಏಸು. ಕಾಳುಮೆಣಸು ಕೊಂಡವರು ಚಿನ್ನ ಕೊಡಬೇಕಾಗಿತ್ತು, ಆ ಚಿನ್ನ ಹೀಗೆ ಬಂತು. ನಮ್ಮ ಅಕ್ಕಸಾಲಿಗರು ನೋಡಿ ನೋಡಿ ಅದರ ನಕಲು ಮಾಡಿದರು. ಮಾಡುತ್ತಾ ಮಾಡುತ್ತಾ ಲ್ಯಾಟಿನ್ ಅಕ್ಷರಗಳು ಬರೀ ಗೀಟುಗಳಾದವು, ಸಂತ ರಾಮನಾದ.

ಮ್ಯೂಸಿಯಂನಲ್ಲಿ ಡುಕಾಟ್ ಕಂಡರೆ ಮನೆಯ ಸರದ ಫೋಟೋ ಪಕ್ಕದಲ್ಲಿ ಹಿಡಿದು ನೋಡಿ. ನಾನು ಹಾಗೆ ನೋಡಿದಾಗ ಮೈ ಜುಂ ಎಂದಿತ್ತು.

ತೋಟದಮನೆ

ಓ! ನಮ್ಮ ಅತ್ತೆಯ ಹತ್ತಿರ ಪುತಳಿ ಸರ ಇದೆ. ಸಂತ ಮಾರ್ಕ್ ಅಂತ ಹೇಳಿದರೆ ಕೋಲು ತಗೊಂಡು ಬರುತ್ತಾರೆ.

ಕಾಳಿನದಿ

ಮೇಡಂ, ನಿಮ್ಮ ಪೆಟ್ಟಿಗೆಯ ಪೋರ್ಚುಗೀಸ್ ಬಿಲ್ಲೆಗಳ ಮೇಲೆ ಏನು ಬರೆದಿದೆ? ಎಸ್ಕುಡೋ ಎಂದಿದ್ದರೆ ಅದು 1958ರ ನಂತರದ್ದು. ಅದಕ್ಕೂ ಮೊದಲು ಗೋವಾದಲ್ಲಿ ರೂಪಿಯಾ ಇತ್ತು, 16 ಟಾಂಗಾಕ್ಕೆ ಒಂದು ರೂಪಿಯಾ. 1958ರಲ್ಲಿ ಒಂದು ರೂಪಿಯಾಕ್ಕೆ 6 ಎಸ್ಕುಡೋ ಎಂದು ಬದಲಿಸಿದರು. ಅದಕ್ಕೇ ಆ ಕಾಲದಲ್ಲಿ 30 ಸೆಂಟಾವೋ, 60 ಸೆಂಟಾವೋ, 3 ಎಸ್ಕುಡೋ, 6 ಎಸ್ಕುಡೋ ಎಂಬ ವಿಚಿತ್ರ ಬೆಲೆಯ ನಾಣ್ಯಗಳು. 3 ಎಸ್ಕುಡೋ ಅಂದರೆ ನಮ್ಮ ಎಂಟಾಣೆಯ ಲೆಕ್ಕ. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆ ಆಯಿತು, ಆ ನಾಣ್ಯಗಳ ಆಯುಸ್ಸೂ ಮುಗಿಯಿತು. ಮಾಜಾಳಿ ದಾಟಿದರೆ ಆಚೆ ಗೋವಾ. ಹಾಗಾಗಿ ಕಾರವಾರದ ಪ್ರತಿ ಎರಡನೇ ಮನೆಯ ಡಬ್ಬಿಯಲ್ಲಿ ಒಂದಾದರೂ ಇರುತ್ತದೆ.

ಕುಮಟೆಯವಳು

ಎಸ್ಕುಡೋ ಎಂದೇ ಇದೆ, 1959. ಇನ್ನೊಂದರ ಮೇಲೆ ರೂಪಿಯಾ. ಥ್ಯಾಂಕ್ಸ್! ರಾಮ ಸೀತೆಯ ದೊಡ್ಡ ನಾಣ್ಯದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹಿಂದೆ 'ಈಸ್ಟ್ ಇಂಡಿಯಾ ಕಂಪನಿ, 1818' ಎಂದಿದೆ.

ಹಳೇಕಾಸು

ನೋವಾಗಬಹುದು, ಆದರೂ ಹೇಳುತ್ತೇನೆ. ಅದು ನಾಣ್ಯವೇ ಅಲ್ಲ. ಕಂಪನಿ ಸರ್ಕಾರ ಇಂಥದ್ದನ್ನು ಯಾವತ್ತೂ ಟಂಕಿಸಿಲ್ಲ. ಜಾತ್ರೆಯಲ್ಲಿ, ತೀರ್ಥಕ್ಷೇತ್ರದ ಅಂಗಡಿಯಲ್ಲಿ ಮಾರುವ ಬಿಲ್ಲೆ ಅದು. 1616 ಎಂದೂ, 1717 ಎಂದೂ, ಹನುಮಂತ ಇರುವುದೂ, ಓಂ ಇರುವುದೂ ಬೇಕಾದಷ್ಟು ಸಿಗುತ್ತವೆ. "ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಪವಾಡದ ನಾಣ್ಯ" ಎಂದು ಹೇಳಿ ದುಡ್ಡು ಕಿತ್ತವರೂ ಇದ್ದಾರೆ. ಪೂಜೆಗೆ ಇಟ್ಟುಕೊಳ್ಳಿ, ಮಾರಾಟದ ಆಸೆ ಬಿಡಿ.

ಯಾರಾದರೂ ಫೋನ್ ಮಾಡಿ "ಲಕ್ಷ ಕೊಡುತ್ತೇವೆ, ಮೊದಲು ಫೀಸು ಕಟ್ಟಿ" ಎಂದರೆ ಕಟ್ ಮಾಡಿ. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯ, ನೋಟು ಕೊಳ್ಳುವ ಮಾರುವ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ವೈಷ್ಣೋದೇವಿಯ ಐದು ರೂಪಾಯಿ ನಾಣ್ಯದ ಬೆಲೆ ಐದು ರೂಪಾಯಿ. ಅಷ್ಟೇ.

ನಿಮ್ಮ ಪೆಟ್ಟಿಗೆಯಲ್ಲಿ ನಿಜವಾಗಿ ನೋಡಬೇಕಾದದ್ದು ವಿಕ್ಟೋರಿಯಾ ರೂಪಾಯಿ. 'ಕ್ವೀನ್' ಎಂದಿದೆಯೋ 'ಎಂಪ್ರೆಸ್' ಎಂದಿದೆಯೋ ನೋಡಿ. 1877ರಿಂದ ಮುಂದೆ ಎಂಪ್ರೆಸ್. ತೂಕ 11.66 ಗ್ರಾಂ ಇರಬೇಕು. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ತೀರಾ ಕಡಿಮೆ ಬಂದರೆ ಅನುಮಾನಪಡಿ.

ಕುಮಟೆಯವಳು

ಅಮ್ಮನಿಗೆ ಓದಿ ಹೇಳಿದೆ. ಬೀಗ ತೆಗೆದರು! ಇನ್ನೊಂದು ಪ್ರಶ್ನೆ. ದೀಪಾವಳಿಯ ಲಕ್ಷ್ಮಿ ಪೂಜೆಗೆ ಅಮ್ಮ ಪ್ರತಿ ವರ್ಷ ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತಾರೆ. ಫಳಫಳ ಹೊಳೆಯುತ್ತವೆ. ಮ್ಯೂಸಿಯಂನವು ಯಾಕೆ ಕಪ್ಪಗೆ ಇರುತ್ತವೆ? ಅವರು ತೊಳೆಯುವುದಿಲ್ಲವಾ?

ಹಳೇಕಾಸು

ಅಯ್ಯೋ, ಬೇಡ ಬೇಡ! ಹುಣಸೆಹಣ್ಣು, ನಿಂಬೆಹಣ್ಣು, ಪೀತಾಂಬರಿ ಪುಡಿ, ಯಾವುದೂ ಬೇಡ. ಹುಳಿ ಲೋಹದ ಮೇಲ್ಪದರವನ್ನು ತಿನ್ನುತ್ತದೆ, ತಿಕ್ಕಿದಾಗ ಸಣ್ಣ ಗೆರೆಗಳು ಬೀಳುತ್ತವೆ. ಅಕ್ಷರ ಸವೆಯುತ್ತದೆ. ತಾಮ್ರದ ಮೇಲಿನ ಕಂದು ಬಣ್ಣ, ಬೆಳ್ಳಿಯ ಮೇಲಿನ ಕಪ್ಪು, ಅವು ಕೊಳೆಯಲ್ಲ. ಲೋಹಕ್ಕೆ ಅವೇ ರಕ್ಷಣೆ. ಮ್ಯೂಸಿಯಂನವರು ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಪೀಡೆ ಇದೆ. ಉಪ್ಪಿನ ಗಾಳಿ. ತಾಮ್ರ, ಕಂಚಿನ ಮೇಲೆ ತಿಳಿ ಹಸಿರು ಪುಡಿ ಪುಡಿಯಾಗಿ ಎದ್ದರೆ ಅದು ಉಪ್ಪಿನ ಅಂಶದಿಂದ ಆದ ರೋಗ. ತೇವ ಇದ್ದಷ್ಟೂ ಜಾಸ್ತಿ ಆಗುತ್ತದೆ. ಅಂಥದ್ದನ್ನು ಬೇರೆ ಇಡಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಅದು ವರ್ಷಗಳಾದ ಮೇಲೆ ಜಿಗುಟು ಬಿಡುತ್ತದೆ. ಸೀಸದ ನಾಣ್ಯ ಇದ್ದವರು ಮರದ ಪೆಟ್ಟಿಗೆಯಲ್ಲಿ ಇಡಲೇಬೇಡಿ. ಮರದಿಂದ ಬರುವ ಹುಳಿ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರಿ ಹೋಗುತ್ತದೆ.

ಗುಡ್ಡೇಹಳ್ಳಿ

ಪೂಜೆಯ ನಾಣ್ಯ ಪೂಜೆಗೆ ಇರುವುದು. ಅಜ್ಜಿ ಕಾಲದಿಂದ ತೊಳೆದು ಅರಿಸಿನ ಕುಂಕುಮ ಹಚ್ಚಿದ್ದೇವೆ. ಈಗ ಬಂದು ಲೆನ್ಸ್ ಹಿಡಿದು "ಮುಟ್ಟಬೇಡಿ" ಎಂದರೆ ಹೇಗೆ? ಮನೆಯೇನು ಮ್ಯೂಸಿಯಂ ಅಲ್ಲ.

ತೋಟದಮನೆ

ಇದಕ್ಕೆ ಜಗಳ ಯಾಕೆ? ತೀರಾ ಸವೆದ ಐದಾರು ರೂಪಾಯಿಗಳನ್ನು ಪೂಜೆಗೆ ಎಂದು ಬೇರೆ ಮಾಡಿ. ಅವನ್ನು ಬೇಕಾದಷ್ಟು ತಿಕ್ಕಿ. ಉಳಿದದ್ದು ಹಾಗೇ ಇರಲಿ. ನಮ್ಮನೆಯಲ್ಲಿ ಹಾಗೇ ಮಾಡಿದ್ದು, ಲಕ್ಷ್ಮಿ ಏನೂ ಬೇಜಾರು ಮಾಡಿಕೊಂಡಿಲ್ಲ.

ಅಂದಹಾಗೆ, ತೋಟದಲ್ಲಿ ಬಸಿಗಾಲುವೆ ತೆಗೆಯುವಾಗ ಹಳೇ ನಾಣ್ಯ ಸಿಕ್ಕರೆ ಅದು ಯಾರದ್ದು? ಸುಮ್ನೆ ಕೇಳುತ್ತಿದ್ದೇನೆ. ನನಗೇನೂ ಸಿಕ್ಕಿಲ್ಲ!

ಅಂಕೋಲೆ ಮೇಷ್ಟ್ರು

"ಸುಮ್ನೆ" ಕೇಳಿದ್ದಕ್ಕೆ ಸುಮ್ನೆ ಉತ್ತರ. ನೆಲದಲ್ಲಿ ಸಿಕ್ಕ ನಿಧಿಗೆ ಕರ್ನಾಟಕದಲ್ಲಿ 1962ರ ಕಾಯ್ದೆ ಇದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಅಪರಾಧ. ಕಾಯ್ದೆ ಬಿಡಿ, ಇನ್ನೊಂದು ವಿಷಯ ಹೇಳುತ್ತೇನೆ. ಮಡಕೆಯಲ್ಲಿ ಸಿಕ್ಕ ನಾಣ್ಯಗಳನ್ನು ಹಂಚಿಕೊಂಡರೆ ಅವು ಬರೀ ಲೋಹ. ಎಲ್ಲ ಒಟ್ಟಿಗೆ ಇದ್ದರೆ, ಯಾರ ಕಾಲದ ನಾಣ್ಯದ ಜೊತೆ ಯಾರದ್ದು ಇತ್ತು ಎಂದು ಗೊತ್ತಾಗುತ್ತದೆ. ಮಿರ್ಜಾನ್ ಕೋಟೆಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಪೋರ್ಚುಗೀಸ್ ವೈಸರಾಯ್ ಹೆಸರಿನ ಚಿನ್ನದ ನಾಣ್ಯ ಸಿಕ್ಕಿತು, ಜೊತೆಗೆ ಚೀನಾದ ಪಿಂಗಾಣಿ ಚೂರುಗಳು. ಅದೇ ನಾಣ್ಯ ಅಂಗಡಿಯಲ್ಲಿ ಸಿಕ್ಕಿದ್ದರೆ ಮಿರ್ಜಾನಿನ ಬಗ್ಗೆ ನಮಗೆ ಏನೂ ಹೇಳುತ್ತಿರಲಿಲ್ಲ.

ಇನ್ನು ನನ್ನ ತಕರಾರು. ಇಷ್ಟು ಹೊತ್ತೂ ನಾಣ್ಯ, ನಾಣ್ಯ. ಪದಕಗಳನ್ನು ಯಾರೂ ಎತ್ತಲಿಲ್ಲ. ನಾಣ್ಯ ನೂರು ಕೈ ದಾಟಿ ಬರುತ್ತದೆ, ಯಾರದ್ದು ಎಂದು ಹೇಳಲಾಗದು. ಪದಕ ಒಬ್ಬರದ್ದೇ. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳ ಅಂಚನ್ನು ತಿರುಗಿಸಿ ನೋಡಿ, ಸಿಪಾಯಿಯ ನಂಬರು, ಹೆಸರು, ಪಲ್ಟನ್ನು ಕೊರೆದಿರುತ್ತಾರೆ. ಮ್ಯೂಸಿಯಂನಲ್ಲಿ ಮುಖ ಮಾತ್ರ ಕಾಣುವಂತೆ ಇಟ್ಟಿದ್ದರೆ ಅಂಚು ತೋರಿಸಿ ಎಂದು ವಿನಯದಿಂದ ಕೇಳಿ.

ನಮ್ಮ ಜಿಲ್ಲೆಗೆ ಪರಮವೀರ ಚಕ್ರವೇ ಬಂದಿದೆ. ಕಾರವಾರ ತಾಲ್ಲೂಕು ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಶತ್ರು ಹೂತಿಟ್ಟ ಮೈನುಗಳನ್ನು, ಅಡ್ಡ ಹಾಕಿದ ಮರಗಳನ್ನು ತೆಗೆಯುತ್ತಾ ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಸೇನೆಯ ಎಂಜಿನಿಯರ್ ಪಡೆ ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್. ಗಾಯ ಆಗಿತ್ತು, ಬಿಡಲಿಲ್ಲ. ಬದುಕಿರುವಾಗಲೇ ಆ ಪದಕ ಪಡೆದ ಕೆಲವೇ ಜನರಲ್ಲಿ ಒಬ್ಬರು. ಈ ತನಕ ಪರಮವೀರ ಚಕ್ರ ಸಿಕ್ಕಿರುವುದು 21 ಜನರಿಗೆ.

ಪದಕ ನೋಡಿದರೆ ನಿರಾಸೆಯಾಗಬಹುದು. ಚಿನ್ನ ಇಲ್ಲ, ಬೆಳ್ಳಿ ಇಲ್ಲ. ಕಂಚು. ಒಂದೂಮುಕ್ಕಾಲು ಇಂಚೂ ಇಲ್ಲ, 1 3/8 ಇಂಚು ಅಗಲ. ನಡುವೆ ನಾಲ್ಕು ಸಿಂಹದ ಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧ. ನೇರಳೆ ಪಟ್ಟಿ. ಇದನ್ನು ರೂಪಿಸಿದವರು ಸಾವಿತ್ರಿ ಖಾನೋಲ್ಕರ್. ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ ಇಲ್ಲಿಯವರೇ ಆದ ಹೆಣ್ಣುಮಗಳು.

ಕಾಳಿನದಿ

ರಾಣೆ ಅವರ ಪ್ರತಿಮೆ ಕಾರವಾರದ ಟ್ಯಾಗೋರ್ ಬೀಚಿನಲ್ಲೇ ಇದೆ, ಚಪಲ್ ಯುದ್ಧನೌಕೆಯ ಪಕ್ಕ. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅವರ ಹೆಸರು ಇಟ್ಟರು. ಮಕ್ಕಳು ಬಂದರೆ ಮೊದಲು ಇಲ್ಲಿಗೆ ಕರೆದುಕೊಂಡು ಬನ್ನಿ. ಜನ ನೌಕೆಯ ಮುಂದೆ ಸೆಲ್ಫಿ ತೆಗೆದು ಹೋಗುತ್ತಾರೆ, ಪ್ರತಿಮೆಯ ಎದೆಯ ಮೇಲೇನಿದೆ ಎಂದು ನೋಡುವವರು ಕಡಿಮೆ.

ಅಂಕೋಲೆ ಮೇಷ್ಟ್ರು

ಇನ್ನೊಂದು ಮರೆಯಬಾರದು. ತಾಮ್ರಪತ್ರ. 1972ರಲ್ಲಿ, ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದಾಗ, ಹೋರಾಟಗಾರರಿಗೆ ಸರ್ಕಾರ ಕೊಟ್ಟಿದ್ದು. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲೆ ಅಂಕೋಲೆ, ಸಿದ್ದಾಪುರದಲ್ಲಿ ಕರನಿರಾಕರಣೆ. ರೈತರು ಜಮೀನು ಕಳೆದುಕೊಂಡರು, ಜೈಲಿಗೆ ಹೋದರು. ಹಾಗಾಗಿ ನಮ್ಮ ಹಳ್ಳಿಗಳ ಜಗಲಿಯಲ್ಲಿ ತಾಮ್ರಪತ್ರ ನೇತುಹಾಕಿರುವ ಮನೆಗಳು ಇನ್ನೂ ಇವೆ. ಮನೆ ಕೆಡವಿ ಹೊಸದು ಕಟ್ಟುವಾಗ ಅದು ಅಟ್ಟ ಸೇರುತ್ತದೆ, ಆಮೇಲೆ ಗುಜರಿ. ದಯವಿಟ್ಟು ಫೋಟೋ ಆದರೂ ತೆಗೆದು, ಯಾರಿಗೆ, ಯಾವ ಊರು ಎಂದು ಬರೆದಿಡಿ.

ಬೈತಖೋಲ

ಇದೆಲ್ಲ ಓದಿದ ಮೇಲೆ ಕೇಳಬೇಕೆನಿಸುತ್ತದೆ. ಸೀಸದ ನಾಣ್ಯ ಸಿಕ್ಕಿದ್ದು ಕಾರವಾರದಲ್ಲಿ, ಪುತಳಿ ಸರ ಕಾರವಾರದಲ್ಲಿ, ಪರಮವೀರ ಚಕ್ರ ನಮ್ಮವರಿಗೆ. ಇದನ್ನೆಲ್ಲ ನೋಡಲು ನಾವು ಮಾತ್ರ ಉಡುಪಿಗೋ, ಮುಂಬಯಿಗೋ, ಲಂಡನ್ನಿಗೋ ಹೋಗಬೇಕು. ಜಿಲ್ಲೆಯಲ್ಲೇ ಒಂದು ಕೋಣೆ ಮಾಡಲು ಆಗುವುದಿಲ್ಲವೇ?

ಗುಡ್ಡೇಹಳ್ಳಿ

ಕೋಣೆ ಮಾಡಬಹುದು, ಕಾಯುವವರು ಯಾರು? ಕಳುವಾದರೆ? ಚಿನ್ನ ಇಟ್ಟ ಕಡೆ ಕಳ್ಳ ಬರದೇ ಇರುತ್ತಾನಾ?

ಹಳೇಕಾಸು

ಚಿನ್ನವನ್ನೇ ಇಡಬೇಕೆಂದಿಲ್ಲ. ಒಳ್ಳೆಯ ಅಚ್ಚು ತೆಗೆದು ನಕಲು ಇಡಬಹುದು, ಜೊತೆಗೆ ದೊಡ್ಡದಾಗಿ ಫೋಟೋ. ವಿಜಯನಗರದ 'ಹಣ' ಎಂಬ ಪುಟ್ಟ ಚಿನ್ನದ ನಾಣ್ಯ ಒಂದು ಗ್ರಾಮಿನ ಮೂರನೇ ಒಂದು ಭಾಗ ಅಷ್ಟೇ ತೂಗುತ್ತದೆ. ಅಸಲಿಯನ್ನು ಗಾಜಿನ ಹಿಂದಿಟ್ಟರೆ ಲೆನ್ಸ್ ಇಲ್ಲದೆ ಏನೂ ಕಾಣುವುದಿಲ್ಲ. ಫೋಟೋದಲ್ಲಿ ಕಾಣುತ್ತದೆ. ಆದರೆ ಗುಡ್ಡೇಹಳ್ಳಿಯವರು ಕೇಳಿದ್ದು ನಿಜವಾದ ಪ್ರಶ್ನೆ, ಅದನ್ನು ತಳ್ಳಿಹಾಕುವುದಿಲ್ಲ. ಉದ್ಘಾಟನೆಗೆ ಎಲ್ಲರೂ ಬರುತ್ತಾರೆ, ಮಳೆಗಾಲದಲ್ಲಿ ಬೂಷ್ಟು ಒರೆಸಲು ಯಾರೂ ಬರುವುದಿಲ್ಲ.

ಕುಮಟೆಯವಳು

ಎಲ್ಲರಿಗೂ ನಮಸ್ಕಾರ. ಉಡುಪಿಗೆ ಹೋಗಿ ಬಂದೆವು.

ಪಟ್ಟಿ ಮಾಡಿಕೊಂಡು ಹೋಗಿದ್ದು ತುಂಬಾ ಒಳ್ಳೆಯದಾಯಿತು. ಮಗಳು ಪ್ರತಿಯೊಂದು ಕಪಾಟಿನ ಮುಂದೆಯೂ ಪುಸ್ತಕ ಹಿಡಿದು ನಿಂತಳು. ಹುಡುಗನಿಗೆ ಹಿಡಿಸಿದ್ದು ನಾವು ಯಾರೂ ಎಣಿಸದ ವಸ್ತು, ಒತ್ತು ಮುದ್ರೆಯ ಬೆಳ್ಳಿ ತುಣುಕುಗಳು. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಚೌಕ ಅಲ್ಲ, ದುಂಡಗೂ ಅಲ್ಲ. ಮೂಲೆ ಕತ್ತರಿಸಿದ್ದಾರೆ. ಯಾಕೆ ಎಂದು ಕೇಳಿದ. ತೂಕ ಸರಿಮಾಡಲು ಎಂದು ಹೇಳಿದೆ, ಜಾಸ್ತಿ ಇದ್ದರೆ ಮೂಲೆ ಕತ್ತರಿಸುತ್ತಿದ್ದರಂತೆ. "ಹಾಗಾದರೆ ಕತ್ತರಿಸಿದ ಚೂರು ಯಾರಿಗೆ?" ಎಂದ. ನನಗೆ ಉತ್ತರ ಬರಲಿಲ್ಲ. ಇಲ್ಲಿ ಯಾರಿಗಾದರೂ ಗೊತ್ತಾ?

ಬ್ಯಾಂಕು ಶುರುವಾದ ಮನೆಯೊಳಗೇ ನಾಣ್ಯ ನೋಡುವುದು ಬೇರೆಯೇ ಅನುಭವ. ಒಬ್ಬ ವ್ಯಾಪಾರಿಯ ಮನೆ, ಅಲ್ಲೇ ಲೆಕ್ಕ, ಅಲ್ಲೇ ದುಡ್ಡು. ದೊಡ್ಡ ಸರ್ಕಾರಿ ಕಟ್ಟಡದಲ್ಲಿ ಇಟ್ಟಿದ್ದರೆ ಹೀಗೆ ಅನಿಸುತ್ತಿರಲಿಲ್ಲ. ನಮ್ಮ ಪೆಟ್ಟಿಗೆಯ ರೂಪಾಯಿಗಳ ಫೋಟೋ ತಗೊಂಡು ಹೋಗಿದ್ದೆವು. ಮೂರು ಎಂಪ್ರೆಸ್, ಒಂದು ಕ್ವೀನ್. ಕ್ವೀನ್ ರೂಪಾಯಿಯಲ್ಲಿ 1862 ಎಂದಿದೆ. ಅದೇ ವರ್ಷ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ್ದು ಎಂದು ಮಗಳೇ ಹುಡುಕಿ ಹೇಳಿದಳು. ಐಸ್‌ಕ್ರೀಂ ಕೇಳಿದ್ದು ಹೊರಗೆ ಬಂದ ಮೇಲೆ!

ಹಳೇಕಾಸು

ಭಲೇ! 1862 ಎಂದಿರುವ ರೂಪಾಯಿಯನ್ನು ಆ ಒಂದೇ ವರ್ಷ ಟಂಕಿಸಿದ್ದಲ್ಲ. ಅದೇ ಇಸವಿ ಹಾಕಿ ಮುಂದಿನ ಹಲವು ವರ್ಷ ಟಂಕಿಸಿದರು. ಸಣ್ಣ ಚುಕ್ಕೆಗಳಿಂದ ಗುರುತು ಹಿಡಿಯುತ್ತಾರೆ. ಹಿಂಬದಿಯಲ್ಲಿ ಇಸವಿಯ ಕೆಳಗೆ ಚುಕ್ಕೆ ಇದೆಯಾ ಎಂದು ಲೆನ್ಸ್ ಹಿಡಿದು ನೋಡಲು ಅವಳಿಗೆ ಹೇಳಿ, ಇನ್ನೊಂದು ವಾರದ ಕೆಲಸ ಆಯಿತು. ಕತ್ತರಿಸಿದ ಚೂರು ಮತ್ತೆ ಮೂಸೆಗೆ ಹೋಗುತ್ತಿತ್ತು ಎಂದು ನನ್ನ ಊಹೆ. ಟಂಕಸಾಲೆಯವನು ಚೂರು ಬಿಸಾಡುವ ಪೈಕಿ ಅಲ್ಲ.

ತೋಟದಮನೆ

ಬರುವ ಭಾನುವಾರ ನಾವು ಶಿರಸಿಯಿಂದ ಕೆಳದಿಗೆ ಹೊರಟಿದ್ದೇವೆ. ಮ್ಯೂಸಿಯಂ ತೆರೆದಿರುತ್ತದೆ ಎಂದು ಕೇಳಿಕೊಂಡಿದ್ದೇನೆ. ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಅತ್ತೆಯೂ ಬರುತ್ತಾರೆ, ಪುತಳಿ ಸರದ ಸಮೇತ. ಸಂತ ಮಾರ್ಕ್ ವಿಷಯ ಹೇಳುವ ಧೈರ್ಯ ಇರುವವರು ಬನ್ನಿ.

ಗುಡ್ಡೇಹಳ್ಳಿ

ಒಂದು ಸೀಟು ನನಗೆ. ಸಿದ್ದಾಪುರ ಬಸ್ ಸ್ಟ್ಯಾಂಡ್ ಹತ್ತಿರ ನಿಂತಿರುತ್ತೇನೆ. ಮಾರ್ಕ್ ವಿಷಯ ನಾನು ಹೇಳುವುದಿಲ್ಲ, ಹಳೇಕಾಸು ಅವರನ್ನೇ ಕರೆಯಿರಿ.